ಕಣಜಗೂಬೆಯ ಪರವಾಗಿ ಒಂದು ಗೋಣಿತಟ್ಟು

ಅವಳನ್ನು ಎಲ್ಲರೂ ದಬ್ಬಳ ಎಂದೇ ಕರೆಯುತ್ತಿದ್ದರು. ಎದುರಿಗೆ ದಬ್ಬಳದಕ್ಕ, ಬೆನ್ನ ಹಿಂದೆ ಬರೀ ದಬ್ಬಳ. ಧಾನ್ಯದ ಗೋದಾಮಿನಲ್ಲಿ ಹರಿದ ಗೋಣಿಚೀಲ ಹೊಲಿಯುವುದು ಅವಳ ಕೆಲಸ, ಕೈಯಲ್ಲಿ ಸದಾ ಗೇಣುದ್ದದ ದಬ್ಬಳ ಇರುತ್ತಿತ್ತು. ಹೆಸರಿಗೆ ಅದು ಅರ್ಧ ಕಾರಣ. ಇನ್ನರ್ಧ ಅವಳ ನಾಲಿಗೆ. ಹೊಲಿದ ಚೀಲವನ್ನು ಹಮಾಲರು ಕೊಕ್ಕೆ ಹಾಕಿ ಎಳೆದು ಮತ್ತೆ ಹರಿದರೆ ಅವರ ಏಳು ತಲೆಮಾರನ್ನು ಎಬ್ಬಿಸಿ ನಿಲ್ಲಿಸಿ ಬೈಯುತ್ತಿದ್ದಳು. ತೂಕದ ಗುಮಾಸ್ತನಿಗೆ, ಲಾರಿ ಡ್ರೈವರುಗಳಿಗೆ, ಒಮ್ಮೆ ತಪಾಸಣೆಗೆ ಬಂದ ಅಧಿಕಾರಿಗೂ ಬಿಸಿ ಮುಟ್ಟಿಸಿದ್ದಳು. ಯಾರೂ ಅವಳ ತಂಟೆಗೆ ಹೋಗುತ್ತಿರಲಿಲ್ಲ. ಅಂಥವಳು ಹೇಗೆ ಮೆತ್ತಗಾದಳು ಎನ್ನುವುದು ಹೇಳಿದರೆ ಹೊಟ್ಟೆ ಉರಿಯುವ ಸಂಗತಿ, ಆದರೂ ಹೇಳಬೇಕು.

ಮೂರನೇ ಶೆಡ್ಡಿನ ಹಿಂಬಾಗಿಲ ಒಳಗೆ, ಗೋಡೆಗೆ ಒತ್ತಿ, ನಾಲ್ಕು ಚೀಲ ಮಡಿಸಿ ಹಾಕಿದ ಮೆತ್ತೆ. ಬಲಗಡೆ ಹುರಿಯ ಉಂಡೆ, ಎಡಗಡೆ ಹರಿದ ಚೀಲಗಳ ರಾಶಿ, ಮುಂದೆ ತೇಪೆಗೆಂದು ಕತ್ತರಿಸಿಟ್ಟ ಗೋಣಿ ತುಂಡುಗಳು. ಅವಳಿಗಿಂತ ಮೊದಲು ಅಲ್ಲಿ ಅವಳ ಅಮ್ಮ ಕೂತಿದ್ದಳು. ಅಮ್ಮನ ಕಣ್ಣು ಮಂಜಾಗಿ ದಬ್ಬಳ ಬೆರಳಿಗೇ ಚುಚ್ಚತೊಡಗಿದಾಗ ಹತ್ತೊಂಬತ್ತರ ಮಗಳು ಬಂದು ಕೂತಳು. ಮೂವತ್ತೊಂದು ವರ್ಷವಾಯಿತು, ಎದ್ದಿಲ್ಲ. ಮದುವೆಯ ಮಾತು ಎರಡು ಸಲ ಬಂತು, ಎರಡು ಸಲವೂ ಹೋಯಿತು. ಕಣ್ಣು ಕಾಣದ ಅಮ್ಮನನ್ನು ನೋಡಿಕೊಳ್ಳುವವರು ಯಾರು, ಹದಿಮೂರು ವರ್ಷ ಚಿಕ್ಕವನಾದ ತಮ್ಮನನ್ನು ಸಾಕುವವರು ಯಾರು ಎಂದು ಅವಳೇ ಕೇಳಿದಳು, ಬಂದವರು ಎದ್ದುಹೋದರು. ಅಮ್ಮ ತೀರಿಕೊಂಡಳು. ತಮ್ಮನಿಗೆ ಓದು ತಲೆಗೆ ಹತ್ತಲಿಲ್ಲ. ಯಾರ ಮುಂದೆಯೂ ತಲೆ ಬಗ್ಗಿಸದವಳು ಹಮಾಲಿ ಮೇಸ್ತ್ರಿಯ ಕೈಕಾಲು ಹಿಡಿದು ಅವನನ್ನು ಅದೇ ಗೋದಾಮಿಗೆ ಸೇರಿಸಿದಳು. ಮದುವೆಯನ್ನೂ ಮಾಡಿಸಿದಳು. ಇದ್ದ ಎರಡು ಕೋಣೆಯಲ್ಲಿ ಒಂದನ್ನು ಗಂಡಹೆಂಡಿರಿಗೆ ಬಿಟ್ಟು, ಅಡುಗೆಕೋಣೆಯಲ್ಲಿ ಒಲೆಯ ಪಕ್ಕ ತಾನು ಮಲಗಿದಳು.

ಗೂಬೆಗಳು ಬಂದದ್ದು ಏಳು ವರ್ಷದ ಹಿಂದೆ. ಮೂರನೇ ಶೆಡ್ಡಿನ ಮೇಲ್ಗಡೆಯ ವೆಂಟಿಲೇಟರಿನ ಗಾಜು ಒಡೆದಿತ್ತು, ಹಾಕಿಸಬೇಕಾದವರು ಹಾಕಿಸಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಸೂರಿನ ತೊಲೆಯ ಮೇಲೆ, ಹಳೆಯ ರಾಟೆಯ ಹಲಗೆಯಲ್ಲಿ, ಎರಡು ಬಿಳಿ ಮುಖ. ಕಣಜಗೂಬೆ. ಕಾಳು ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಅದು. ಮುಖ ನಡುವೆ ಸೀಳಿದ ಸೇಬಿನ ಹಾಗೆ, ಕಣ್ಣು ಕರ್ರಗೆ. ಇದು ಗೂಗೂ ಎನ್ನುವ ಜಾತಿಯಲ್ಲ, ಗೋಣಿ ಹರಿದ ಹಾಗೆ ಕಿರಿಚುತ್ತದೆ. ದಬ್ಬಳದಕ್ಕ ಮೊದಲ ಮೂರು ದಿನ ಮೆತ್ತೆಯನ್ನು ಬಾಗಿಲ ಹೊರಗೆ ಹಾಕಿಕೊಂಡು ಕೂತಳು. ಹೆದರಿಕೆ, ಇನ್ನೇನು! ಅವಳೇನು ಆಕಾಶದಿಂದ ಇಳಿದವಳೇ? ಗೂಬೆ ಹೊಕ್ಕ ಮನೆ ಉಳಿಯುವುದಿಲ್ಲ ಎಂದು ಅಮ್ಮನಿಂದ ಅವಳೂ ಕೇಳಿದ್ದಳು.

ಆದರೆ ಅವಳ ಎಡಗಡೆಯ ರಾಶಿ ಬೇರೆಯೇ ಹೇಳತೊಡಗಿತು. ಮೊದಲೆಲ್ಲ ದಿನಕ್ಕೆ ನಲವತ್ತು ಚೀಲ ಇಲಿ ಕಡಿದು ಬರುತ್ತಿದ್ದವು. ಇಬ್ಬರು ಹೆಂಗಸರು ಸೊಂಟ ಬಿದ್ದುಹೋಗುವ ತನಕ ಹೊಲಿದರೂ ಮುಗಿಯುತ್ತಿರಲಿಲ್ಲ. ಗೂಬೆ ಬಂದ ವರ್ಷ ಮೂವತ್ತಾಯಿತು, ಮರುವರ್ಷ ಹನ್ನೆರಡು, ಆಮೇಲೆ ಐದಾರು. ಒಬ್ಬಳೇ ಸಾಕು ಎಂದು ಪಕ್ಕದಲ್ಲಿ ಕೂರುತ್ತಿದ್ದ ಗೆಳತಿಯನ್ನು ಕೆಲಸದಿಂದ ಬಿಡಿಸಿದರು. ಹೋಗುವ ದಿನ ಅವಳು ತೊಲೆಯ ಕಡೆ ನೋಡಿ, "ಮನೆ ಹಾಳು ಮಾಡುತ್ತೆ ಅಂತಾರಲ್ಲ, ಮಾಡ್ತು ನೋಡೇ, ನನ್ನ ಮನೇನ," ಎಂದಳು. ಗೆಳತಿ ಹೇಳಿದ್ದು ಸುಳ್ಳೂ ಅಲ್ಲ. ಹಾಗಾಗಿ ಈ ಹಕ್ಕಿಗಳ ಮೇಲೆ ದಬ್ಬಳದಕ್ಕನಿಗೆ ಇದ್ದದ್ದು ಕುರುಡು ಪ್ರೀತಿಯಲ್ಲ, ಅದರ ಒಳಗೆ ಒಂದು ಮುಳ್ಳೂ ಇತ್ತು.

ಪ್ರೀತಿ ಇದ್ದದ್ದಂತೂ ನಿಜ, ಅದನ್ನು ಮುಚ್ಚಿಡುವುದು ಯಾಕೆ? ಸಂಜೆ ಆರಕ್ಕೆ ಹುರಿ ಸುತ್ತಿಟ್ಟು ಏಳುವ ಹೊತ್ತಿಗೆ ಹೆಣ್ಣುಗೂಬೆ ತೊಲೆಯಿಂದ ಕೆಳಗೆ ಬೀಳುತ್ತಿತ್ತು. ಹಾರುತ್ತಿತ್ತು ಎನ್ನಲು ಸದ್ದೇ ಇರಲಿಲ್ಲ. ಒಂದು ದಿನ ಅವಳ ಕಿವಿಯ ಪಕ್ಕದಲ್ಲೇ ಹೋದರೂ ಗಾಳಿ ತಾಗಿತೇ ಹೊರತು ರೆಕ್ಕೆ ಕೇಳಲಿಲ್ಲ. ಮರಿ ಮಾಡಿದಾಗ ಐದೂ ಒಂದೇ ಅಳತೆಯವಲ್ಲ, ಮೊಟ್ಟೆ ದಿನ ಬಿಟ್ಟು ದಿನ ಒಡೆಯುವುದರಿಂದ ದೊಡ್ಡದು, ಅದಕ್ಕಿಂತ ಚಿಕ್ಕದು, ಇನ್ನೂ ಚಿಕ್ಕದು ಎಂದು ಮೆಟ್ಟಿಲ ಹಾಗೆ ಸಾಲಾಗಿ ನಿಂತು ಬುಸುಗುಡುತ್ತಿದ್ದವು. ಆ ಎಲ್ಲಕ್ಕಿಂತ ಚಿಕ್ಕದರ ಪಾಲಿಗೆ ಇಲಿ ಸಿಕ್ಕಿತೋ ಇಲ್ಲವೋ ಎಂದು ನೋಡದೆ ಅವಳು ಮನೆಗೆ ಹೊರಡುತ್ತಿರಲಿಲ್ಲ. ಮೂವತ್ತೊಂದು ವರ್ಷದಲ್ಲಿ ಆ ಶೆಡ್ಡಿನಲ್ಲಿ ಅವಳ ಕೆಲಸವನ್ನು ಹಗುರ ಮಾಡಿದವರು ಮತ್ತಾರೂ ಇಲ್ಲ.

ಮನುಷ್ಯರ ರೀತಿಯೇ ವಿಚಿತ್ರ. ಬೈಯಬೇಕಾದರೆ ಗೂಬೆ, ಕೆಟ್ಟದ್ದಾದರೆ ಗೂಬೆ, ಮಗ ಪರೀಕ್ಷೆಯಲ್ಲಿ ಫೇಲಾದರೆ ಗೂಬೆ. ಅದೇ ಪುಸ್ತಕದಂಗಡಿಯ ಬೋರ್ಡಿನ ಮೇಲೆ ಕನ್ನಡಕ ಹಾಕಿಕೊಂಡು ಕೂತರೆ ಮಹಾಜ್ಞಾನಿ. ಗೋದಾಮಿಗೆ ಹೊಸದಾಗಿ ಬಂದ ಸಾಹೇಬರ ಮೇಜಿನ ಮೇಲೂ ಹಿತ್ತಾಳೆಯದೊಂದು ಗೂಬೆ ಇತ್ತು, ತಲೆಗೆ ಪದವಿಯ ಟೋಪಿ ಬೇರೆ. ಯಾವುದೋ ತರಬೇತಿ ಮುಗಿಸಿದ್ದಕ್ಕೆ ಕೊಟ್ಟದ್ದಂತೆ. ಅದನ್ನು ದಿನಾ ಒರೆಸಲು ಒಬ್ಬ ಜವಾನ. ಉಸಿರಾಡುವ ಗೂಬೆಗೆ ಮಾತ್ರ ಕಲ್ಲು.

ಇನ್ನು ಆ ದಿನದ ವಿಷಯ. ಹೊರಗೆ ಹನ್ನೊಂದು ಲಾರಿ ಸಾಲುಗಟ್ಟಿದ್ದವು. ಚೀಲ ಪೇರಿಸಿ ಅಟ್ಟಿ ಹಾಕುವುದಕ್ಕೆ ಒಂದು ಕ್ರಮವಿದೆ: ಒಂದು ವರಸೆ ಉದ್ದಕ್ಕೆ, ಅದರ ಮೇಲಿನದು ಅಡ್ಡಕ್ಕೆ, ಹೀಗೆ ಒಂದಕ್ಕೊಂದು ಕಚ್ಚಿಕೊಂಡು ಹದಿನಾರು ವರಸೆ, ಅಲ್ಲಿಗೆ ನಿಲ್ಲಿಸಬೇಕು. ಮೇಸ್ತ್ರಿ ಅವಸರದಲ್ಲಿ ಎಲ್ಲವನ್ನೂ ಉದ್ದಕ್ಕೇ ಹಾಕಿಸಿ ಇಪ್ಪತ್ತಮೂರಕ್ಕೆ ಏರಿಸಿದ. ದಬ್ಬಳದಕ್ಕ ಕೂತಲ್ಲಿಂದಲೇ ಕೂಗಿದಳು: "ಏನ್ ಮೇಸ್ತ್ರಿ, ಅಟ್ಟಿ ಹಾಕ್ತಿದ್ದೀರೋ, ಗೋಪುರ ಕಟ್ತಿದ್ದೀರೋ? ಅಡ್ಡ ಹಾಕ್ಸಿ, ಬೀಳುತ್ತೆ!"

"ನೀನು ನಿನ್ನ ಚೀಲ ಹೊಲ್ಕೊಳಮ್ಮ. ಇದು ನಿನ್ನ ಉಸಾಬರಿ ಅಲ್ಲ."

ಹನ್ನೊಂದು ಗಂಟೆ ಹೊತ್ತಿಗೆ ಅಟ್ಟಿ ವಾಲಿತು. ಮೇಲೆ ನಿಂತಿದ್ದವನು ಅವಳ ತಮ್ಮ. ಅವನ ಬಲಗಾಲಿನ ಮೇಲೆ ಒಂಬತ್ತು ಚೀಲ ಬಿದ್ದವು. ಎರಡು ಕಡೆ ಮುರಿದ ಕಾಲು ಕೂಡಿಕೊಂಡರೂ ಗಿಡ್ಡವಾಯಿತು. ಇನ್ನು ಜನ್ಮದಲ್ಲಿ ಅವನು ಮೂಟೆ ಹೊರುವ ಹಾಗಿರಲಿಲ್ಲ.

ಅವನು ಎದ್ದು ಓಡಾಡುವಂತಾದ ಮೇಲೆ ವಿಚಾರಣೆ ನಡೆಯಿತು. ತಪ್ಪು ಯಾರದ್ದು? ಮೇಸ್ತ್ರಿಯದ್ದಲ್ಲವಂತೆ. ಗೂಬೆ ಮುಖಕ್ಕೆ ಹಾರಿ ಬಂತು, ಹುಡುಗ ಬೆದರಿ ಹಿಂದೆ ಸರಿದ, ಅದಕ್ಕೇ ಅಟ್ಟಿ ಬಿತ್ತು! ಹಾಡಹಗಲು ಹನ್ನೊಂದು ಗಂಟೆಗೆ, ತೊಲೆಯ ಮೇಲೆ ಕಣ್ಣು ಮುಚ್ಚಿ ಮಲಗುವ ಗೂಬೆ ಎದ್ದು ಬಂದು ಮುಖಕ್ಕೆ ಹಾರಿತಂತೆ. ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟಿದರೆ ಗೂಬೆ ಕೂರಿಸಿದರು ಎನ್ನುತ್ತೇವೆ; ಇವರು ಗೂಬೆಯ ಮೇಲೇ ಗೂಬೆ ಕೂರಿಸಿದರು. ಕಾಗದದ ಕೆಳಗೆ ಸಹಿ ಮಾಡಿದವನು ತಮ್ಮನೇ. ವಾರದ ಮೇಲೆ ಅವನಿಗೆ ಗೇಟಿನಲ್ಲಿ ಕೂತು ಲಾರಿಯ ನಂಬರು ಬರೆದುಕೊಳ್ಳುವ ಕೆಲಸ ಸಿಕ್ಕಿತು. ಕುರ್ಚಿ, ಮೇಲೊಂದು ಫ್ಯಾನು. ಆ ಕೆಲಸ ಕೊಡಿಸಿದ್ದು ಮೇಸ್ತ್ರಿ.

ಅದರ ಹಿಂದೆಯೇ ನೋಟೀಸು ಬಂತು: ವೆಂಟಿಲೇಟರು ಮುಚ್ಚುವುದು, ಗೂಬೆಗಳ ಗೂಡು ತೆಗೆಯುವುದು. ಹಲಗೆಯ ಮೇಲೆ ಆಗ ಐದು ಮರಿಗಳಿದ್ದವು, ಚಿಕ್ಕದು ಆಗಷ್ಟೇ ಮೊಟ್ಟೆಯೊಡೆದು ಬಂದಿತ್ತು.

ಆ ಸಂಜೆ ಮನೆಯಲ್ಲಿ ಅವಳು ತಟ್ಟೆಯ ಮುಂದೆ ಕೂರಲಿಲ್ಲ. "ಲೋ, ನನ್ನ ಮುಖ ನೋಡಿ ಹೇಳು. ಗೂಬೆ ಹಾರ್ತೇನೋ?"

ತಮ್ಮ ಅನ್ನ ಕಲಸುತ್ತಲೇ ಇದ್ದ. "ಏನೋ ಬೆಳ್ಳಗೆ ಕಂಡ ಹಾಗಾಯ್ತು ಅಕ್ಕ."

"ಬೆಳ್ಳಗೆ ಕಂಡಿದ್ದು ನಿನ್ನ ಮೇಸ್ತ್ರಿ ಹಲ್ಲು! ಒಂದು ಸುಳ್ಳಿನ ಕೆಳಗೆ ಸೈನು ಹಾಕಿ ಬಂದ್ಯಲ್ಲೋ, ನಾಚಿಕೆ ಆಗ್ಲಿಲ್ವಾ ನಿನಗೆ? ಅಮ್ಮ ಇದ್ದಿದ್ರೆ ಆ ಕೈಗೆ ಬರೆ ಹಾಕ್ತಿದ್ಲು. ನಾಳೆ ಹೋಗಿ ಸಾಹೇಬ್ರ ಹತ್ರ ನಿಜ ಹೇಳು."

ಒಳಗಿನಿಂದ ಅವನ ಹೆಂಡತಿ ಸೌಟು ಹಿಡಿದೇ ಬಂದಳು. "ಅತ್ತಿಗೆ, ಅವ್ರ ಕಾಲು ಹೋಗಿದೆ. ಉಳಿದಿರೋದು ಆ ಕುರ್ಚಿ ಒಂದೇ. ನಿಮಗೆ ತಮ್ಮ ಹೆಚ್ಚೋ, ಆ ದರಿದ್ರ ಗೂಬೆ ಹೆಚ್ಚೋ?"

ದಬ್ಬಳದಕ್ಕ ತನ್ನ ತಟ್ಟೆ ಎತ್ತಿ ಬದಿಗಿಟ್ಟಳು. ತಮ್ಮನ ಗಿಡ್ಡ ಕಾಲು ಮಣೆಯ ಪಕ್ಕದಲ್ಲಿ ಚಾಚಿಕೊಂಡಿತ್ತು. ಅದನ್ನು ನೋಡಿದರೆ ಸಂಕಟ, ಅವನ ಮುಖ ನೋಡಿದರೆ ಸಿಟ್ಟು. ಎರಡನ್ನೂ ನುಂಗಿ ಮಲಗಿದಳು, ನಿದ್ದೆ ಹತ್ತಲಿಲ್ಲ.

ಮರುದಿನ ಅವಳೇ ಸಾಹೇಬರ ಮುಂದೆ ನಿಂತಳು. ಸಾಹೇಬರು ಕೆಟ್ಟವರಲ್ಲ, ಕಾಗದದಲ್ಲಿ ಇರುವುದನ್ನು ಮಾತ್ರ ನಂಬುವ ಜಾತಿ. "ಗೂಬೆಯಿಂದ ಉಪಯೋಗ ಇದೆ ಅಂತೀರಿ. ಪುರಾವೆ ಏನಿದೆ? ಮುಂದಿನ ತಿಂಗಳು ಮುಖ್ಯ ಕಚೇರಿಗೆ ವರದಿ ಹೋಗುತ್ತೆ, ಅಷ್ಟರಲ್ಲಿ ತೋರ್ಸಿ, ನೋಡೋಣ," ಎಂದರು. ಅಲ್ಲಿಯವರೆಗೆ ವೆಂಟಿಲೇಟರು ಮುಚ್ಚುವುದಿಲ್ಲ ಎಂದೂ ಹೇಳಿದರು.

ಪುರಾವೆ ಅವಳ ಕಾಲಬುಡದಲ್ಲೇ ಇತ್ತು. ಗೂಬೆ ಇಲಿಯನ್ನು ಇಡೀ ನುಂಗುತ್ತದೆ. ಅರಗದ ಕೂದಲು, ಮೂಳೆಗಳನ್ನು ಉಂಡೆ ಮಾಡಿ ಬಾಯಿಂದಲೇ ಉಗುಳುತ್ತದೆ. ತೊಲೆಯ ಕೆಳಗೆ ಅಂಥ ಉಂಡೆಗಳು ದಿನಾ ಬೀಳುತ್ತಿದ್ದವು, ಗುಡಿಸುವವಳು ಮೂಗು ಮುಚ್ಚಿಕೊಂಡು ಎಸೆಯುತ್ತಿದ್ದಳು. ದಬ್ಬಳದಕ್ಕ ಅವಳನ್ನು ತಡೆದಳು. ಏಳು ವರ್ಷದ ಹಳೆಯ ಕಸ ಹಲಗೆಯ ಸಂದಿಯಲ್ಲಿ ಬೇಕಾದಷ್ಟಿತ್ತು, ಅದನ್ನು ಮುಟ್ಟಲಿಲ್ಲ, ಮೋಸ ಎನ್ನಬಾರದಲ್ಲ! ಆಯಾ ದಿನ ಬಿದ್ದ, ಕಪ್ಪಗೆ ಹೊಳೆಯುವ ಹಸಿ ಉಂಡೆಗಳನ್ನು ಮಾತ್ರ ಆರಿಸಿದಳು. ಊಟದ ಬಿಡುವಿನಲ್ಲಿ ತಗಡಿನ ಡಬ್ಬದ ನೀರಿನಲ್ಲಿ ನೆನೆಹಾಕಿ, ದಬ್ಬಳದ ತುದಿಯಿಂದ ಕೂದಲು ಬಿಡಿಸಿ, ಒಂದೊಂದೇ ತಲೆಬುರುಡೆ ತೆಗೆದಳು. ಹುಣಸೆಬೀಜದಷ್ಟು ಚಿಕ್ಕವು, ನೆಲ್ಲಿಕಾಯಿಯಷ್ಟು ದೊಡ್ಡವು, ಎಲ್ಲಕ್ಕೂ ಮುಂದೆ ಹಳದಿ ಹಲ್ಲು. ಆ ಹಲ್ಲುಗಳ ಗುರುತು ಅವಳಿಗಿಂತ ಚೆನ್ನಾಗಿ ಯಾರಿಗಿದೆ? ಅವು ಕಡಿದದ್ದನ್ನೇ ಅಲ್ಲವೇ ಇಷ್ಟು ವರ್ಷ ಹೊಲಿದದ್ದು.

ತೊಳೆದು ಒಣಗಿಸಿದ ಬುರುಡೆಗಳನ್ನು ಹೊಸ ಗೋಣಿತಟ್ಟಿನ ಮೇಲೆ, ಕಣ್ಣಿನ ತೂತಿನಲ್ಲಿ ಸಣ್ಣ ದಾರ ಪೋಣಿಸಿ, ಸಾಲಿಗೆ ಹತ್ತರಂತೆ ಹೊಲಿದಳು. ಪ್ರತಿ ಸಾಲಿನ ಪಕ್ಕದಲ್ಲಿ ತಾರೀಖು. ನಾಲ್ಕನೇ ತರಗತಿಗೆ ಬಿಟ್ಟ ಓದು, ಅಕ್ಷರ ಸೊಟ್ಟ, ಹೊಲಿಗೆ ಮಾತ್ರ ನೆಟ್ಟಗೆ. ಗೂಬೆಗೆ ಮೇಸ್ತ್ರಿಯ ಹಾಗೆ ಸುಳ್ಳು ಸಾಕ್ಷಿ ಸಿಗುವುದಿಲ್ಲ, ಅದರ ಪರವಾಗಿ ಮಾತಾಡಬೇಕಾದ ತಮ್ಮನ ಬಾಯಿಗೆ ಬೀಗ. ಹಾಗಾದರೆ ಇಲಿಗಳೇ ಬಂದು ಸಾಕ್ಷಿ ಹೇಳಲಿ ಎಂಬ ಹಟ. ಹಮಾಲರು ಬಂದು ನೋಡಿ ನಗುತ್ತಿದ್ದರು. "ಏನಕ್ಕಾ, ತಮ್ಮನ ಹೆಂಡ್ತಿಗೆ ರವಿಕೆ ಕಸೂತೀನಾ?"

"ನಿಮ್ಮ ಮೇಸ್ತ್ರಿಗೆ ಕಣೋ, ಸನ್ಮಾನಕ್ಕೆ ಶಾಲು!"

ತಿಂಗಳು ತುಂಬಿದಾಗ ಇನ್ನೂರ ಹದಿನಾಲ್ಕು ಬುರುಡೆಗಳಿದ್ದವು. ತಟ್ಟನ್ನು ಸಾಹೇಬರ ಮೇಜಿನ ಮೇಲೆ, ಹಿತ್ತಾಳೆ ಗೂಬೆಯ ಮುಂದೆಯೇ ಬಿಚ್ಚಿ ಹರಡಿದಳು. ಸಾಹೇಬರು ಕನ್ನಡಕ ಏರಿಸಿ, ಇಳಿಸಿ, ಬೆರಳಿನಿಂದ ಸಾಲು ಎಣಿಸಿದರು.

"ಅಬ್ಬಬ್ಬಾ! ಇಷ್ಟೂ ಒಂದೇ ತಿಂಗಳಲ್ಲಾ?"

"ಒಂದೇ ತಿಂಗಳು ಸಾರ್. ಒಂದೇ ಶೆಡ್ಡು. ನಾನು ಬಿಟ್ಟಿದ್ದೂ ಇರ್ಬಹುದು, ಸೇರ್ಸಿದ್ದು ಒಂದೂ ಇಲ್ಲ."

"ಇದು ದೊಡ್ಡ ಕೆಲಸ ಕಣಮ್ಮ. ಇಂಥ ದಾಖಲೆ ನಮ್ಮ ಇಲಾಖೆಯಲ್ಲೇ ಯಾರೂ ಮಾಡಿಲ್ಲ." ಅವರು ಎದ್ದು ನಿಂತು ಫೋಟೋ ತೆಗೆದರು. ಜವಾನನಿಗೆ ಎರಡು ಕಾಫಿ ಹೇಳಿ, ಒಂದನ್ನು ಅವಳ ಮುಂದೆ ಇಡಿಸಿದರು. ಬೆರಳು ತುಂಬ ಗೋಣಿಯ ಜುಂಗು ಇದ್ದವಳು ಆ ಲೋಟವನ್ನು ಎರಡು ಕೈಯಲ್ಲಿ ಹಿಡಿದು ಕುಡಿದಳು. ಫೋಟೋ, ತಟ್ಟು ಎರಡೂ ಮುಖ್ಯ ಕಚೇರಿಗೆ ಹೋದವು. ಆ ಹದಿನೈದು ದಿನ ಅವಳು ಯಾರನ್ನೂ ಬೈಯಲಿಲ್ಲ. ಮೇಸ್ತ್ರಿ ಎದುರು ಸಿಕ್ಕರೆ ಕೆಮ್ಮಿ ಮುಂದೆ ಹೋಗುತ್ತಿದ್ದಳು, ಅಷ್ಟೇ. ಅವನಿಗೆ ಅದು ಬೈಗುಳಕ್ಕಿಂತ ಹೆಚ್ಚು ಉರಿಯುತ್ತಿತ್ತು.

ಆಮೇಲೆ ಆದೇಶ ಬಂತು. ಸಾಹೇಬರು ಅವಳನ್ನು ಕರೆಸಿ, ಸಂತೋಷದಿಂದಲೇ ಓದಿದರು: "ಒಂದೇ ಶೆಡ್ಡಿನಲ್ಲಿ ಒಂದು ತಿಂಗಳ ಅವಧಿಯಲ್ಲಿ ಇನ್ನೂರ ಹದಿನಾಲ್ಕು ಇಲಿಗಳ ಇರುವಿಕೆ ಸಾಬೀತಾಗಿರುವುದರಿಂದ, ಪರಿಸ್ಥಿತಿಯನ್ನು ಅತಿ ಗಂಭೀರವೆಂದು ಪರಿಗಣಿಸಿ, ತಕ್ಷಣ ಎಲ್ಲಾ ಶೆಡ್ಡುಗಳಲ್ಲಿ ವಿಷಪ್ರಯೋಗ..."

ಅವಳು ಕಾಗದಕ್ಕೆ ಕೈ ಅಡ್ಡ ಹಿಡಿದಳು. "ಸಾರ್, ಸಾರ್, ನಿಲ್ಸಿ. ಅದು ಇರೋ ಇಲಿ ಅಲ್ಲ! ಸತ್ತಿರೋದು! ಗೂಬೆ ತಿಂದು ಮುಗಿಸಿರೋದು!"

"ಅಲ್ಲಮ್ಮಾ, ಸಾಯ್ಬೇಕಾದ್ರೆ ಮೊದ್ಲು ಇರ್ಬೇಕಲ್ಲ?"

"ನಾನು ತೋರಿಸಿದ್ದು ಗೂಬೆ ಕೆಲಸ ಸಾರ್. ಅವ್ರು ಇಲಿ ಮಾತ್ರ ನೋಡಿದ್ದಾರೆ."

"ಗೂಬೆ ವಿಷಯ ಅವ್ರು ಎತ್ತೇ ಇಲ್ಲ. ತೆಗೀರಿ ಅಂತಾನೂ ಹೇಳಿಲ್ಲ. ನೀನು ಕೇಳಿದ್ದು ಅದೇ ತಾನೆ? ಗೂಬೆಗಳನ್ನ ಯಾರೂ ಮುಟ್ಟಲ್ಲ, ಹೋಗು. ನಿನ್ನ ಹೆಸರೂ ಇದೆ ನೋಡಿಲ್ಲಿ, ಇಲಿಗಳ ಹಾವಳಿಯನ್ನು ಬಯಲಿಗೆ ತಂದಿದ್ದಕ್ಕೆ ಮೆಚ್ಚುಗೆ."

"ವಿಷ ತಿಂದ ಇಲೀನೇ ಅವು ತಿನ್ನೋದು ಸಾರ್! ಅವುಕ್ಕೇನು ನಾನು ಹೋಗಿ ಹೇಳೋಕಾಗುತ್ತಾ, ಇದು ತಿನ್ನು, ಅದು ಬಿಡು ಅಂತ?"

ಸಾಹೇಬರು ವಿಷ ಇಡಲು ಬಂದಿದ್ದ ಔಷಧಿಯವನನ್ನು ಕೇಳಿದರು. ಅವನು ಪೊಟ್ಟಣದ ಚೀಟಿಯ ಮೇಲಿದ್ದ ಇಲಿಯ ಚಿತ್ರ ತೋರಿಸಿ, "ಇದು ಇಲಿಗೆ ಮಾತ್ರ ಸಾರ್, ಬೇರೆಯದಕ್ಕೆ ಏನೂ ಆಗಲ್ಲ," ಎಂದ. ಕಾಗದದಲ್ಲಿ ಚಿತ್ರವಿತ್ತು, ಸಾಹೇಬರಿಗೆ ಅಷ್ಟು ಸಾಕಾಯಿತು.

ಸೋಪಿನ ತುಂಡಿನಂಥ ಹಸಿರು ಬಿಲ್ಲೆಗಳನ್ನು ಅಟ್ಟಿಗಳ ಸಂದಿಯಲ್ಲೆಲ್ಲ ಇಟ್ಟರು. ಅವಳು ಮೊದಲ ದಿನವೇ ಮೂರನೇ ಶೆಡ್ಡಿನದನ್ನೆಲ್ಲ ಹೆಕ್ಕಿ ಚೀಲಕ್ಕೆ ತುಂಬಿದಳು. ಮೇಸ್ತ್ರಿ ನೋಡಿದ, ಹೋಗಿ ಹೇಳಿದ. ಸರ್ಕಾರದ ಔಷಧಿ ಕದ್ದಳೆಂದು ಎಚ್ಚರಿಕೆಯ ಕಾಗದ ಬಂತು, ಬಿಲ್ಲೆಗಳು ಮತ್ತೆ ಬಂದವು. ಆ ವಿಷ ಕೂಡಲೇ ಕೊಲ್ಲುವುದಿಲ್ಲ. ಇಲಿ ನಾಲ್ಕೈದು ದಿನ ಅಮಲೇರಿದವನ ಹಾಗೆ ಬಯಲಲ್ಲೇ ತೂರಾಡುತ್ತದೆ. ಗೂಬೆಗಳಿಗೆ ಅಷ್ಟು ಸುಲಭದ ಬೇಟೆ ಹುಟ್ಟಿದಾಗಿನಿಂದ ಸಿಕ್ಕಿರಲಿಲ್ಲ. ಸಂಜೆ ಹೆಣ್ಣುಗೂಬೆ ನೆಲಕ್ಕೂ ಹಲಗೆಗೂ ಓಡಾಡಿ ಮರಿಗಳ ಬಾಯಿಗೆ ತುರುಕುತ್ತಿತ್ತು. ಎಲ್ಲಕ್ಕಿಂತ ಚಿಕ್ಕದಕ್ಕೂ ಈಗ ಹೊಟ್ಟೆ ತುಂಬ ಪಾಲು. ದಬ್ಬಳದಕ್ಕ ಕೆಳಗೆ ನಿಂತು ಕೋಲು ಬೀಸಿ, ಡಬ್ಬ ಬಡಿದು, "ಬೇಡ್ವೇ, ಬೇಡ್ವೇ ತಾಯಿ, ತಿನ್ನಿಸಬೇಡ್ವೇ," ಎಂದು ಕೂಗಿದಳು. ಗೂಬೆ ತಲೆ ಹೊರಳಿಸಿ ಅವಳನ್ನು ನೋಡಿ ಮತ್ತೆ ಕೆಲಸಕ್ಕೆ ಹೋಯಿತು.

ಆರನೇ ದಿನ ಬಿದ್ದ ಉಂಡೆಯನ್ನು ಬಿಡಿಸಿದಾಗ ಕೂದಲ ನಡುವೆ ಹಸಿರು ಚೂರಿತ್ತು. ಒಂಬತ್ತನೇ ದಿನ ಗಂಡುಗೂಬೆ ಹಿಂಬಾಗಿಲ ಬಳಿ ರೆಕ್ಕೆ ಹರಡಿ ಬಿದ್ದಿತ್ತು, ಮೂಗಿನಲ್ಲಿ ರಕ್ತ. ಆಮೇಲೆ ಹೆಣ್ಣು. ಆಮೇಲೆ ಮರಿಗಳು ಒಂದೊಂದಾಗಿ ಹಲಗೆಯಿಂದ ಉದುರಿದವು. ಕೊನೆಯದು ಚಿಕ್ಕದು. ಅದು ಎರಡು ದಿನ ಒಂಟಿಯಾಗಿ ಮೇಲೆ ಕೂತು ಬುಸುಗುಡುತ್ತಿತ್ತು, ಏಣಿ ಹತ್ತಿ ಕೆಳಗೆ ತಂದು ಮಡಿಲಲ್ಲಿಟ್ಟುಕೊಂಡರೂ ಉಳಿಯಲಿಲ್ಲ. ಅವಳು ಅತ್ತಳು. ಅಮ್ಮ ಸತ್ತಾಗಲೂ ಹಲ್ಲು ಕಚ್ಚಿಕೊಂಡಿದ್ದವಳು, ಚೀಲದ ರಾಶಿಗೆ ಒರಗಿ ಎಲ್ಲರೂ ನೋಡುವಂತೆ ಅತ್ತಳು. ಬೇರೆ ಯಾರಾದರೂ ಮಾಡಿದ್ದರೆ ಶಾಪ ಹಾಕಬಹುದಿತ್ತು. ಇಲ್ಲಿ ಬುರುಡೆ ಆರಿಸಿದ್ದು ತಾನು, ತೊಳೆದದ್ದು ತಾನು, ಸಾಲಿಗೆ ಹತ್ತರಂತೆ ಹೊಲಿದು ಕೈಯಾರೆ ಕೊಟ್ಟದ್ದು ತಾನು.

ಶೆಡ್ಡಿನ ಹಿಂದಿನ ಬಯಲಿನಲ್ಲಿ ಗುಂಡಿ ತೋಡುವಾಗ ತಮ್ಮ ಕುಂಟುತ್ತಾ ಬಂದ. ಗುದ್ದಲಿ ಕೈಗೆ ತೆಗೆದುಕೊಂಡು ಒಂದಷ್ಟು ಮಣ್ಣೆತ್ತಿದ. ಆಮೇಲೆ ಗುಂಡಿಯನ್ನೇ ನೋಡುತ್ತಾ ಹೇಳಿದ: "ಅವತ್ತು ಗೂಬೆ ಹಾರ್ಲಿಲ್ಲ ಅಕ್ಕ. ಅಟ್ಟೀನೇ ವಾಲ್ತು."

"ನನಗೆ ಗೊತ್ತಿಲ್ವೇನೋ? ಇವತ್ತು ಇವುಗಳ ಮುಂದೆ ಹೇಳ್ತಿದ್ದೀಯಲ್ಲ, ಅವತ್ತು ಸಾಹೇಬ್ರ ಮುಂದೆ ಹೇಳೋಕೆ ಏನಾಗಿತ್ತು ರೋಗ? ನೀನೊಂದು ಮಾತು ಆಡಿದ್ರೆ ನಾನು ಆ ಹಾಳು ತಟ್ಟು ಹೊಲೀತಾನೇ ಇರ್ಲಿಲ್ಲ."

"ಕುರ್ಚಿ ಹೋಗ್ತಿತ್ತು ಅಕ್ಕ."

"ಹಾಗಾದ್ರೆ ಹೋಗು, ಅದರ ಮೇಲೇ ಕೂತ್ಕೋ," ಎಂದು ಅವಳು ಗುದ್ದಲಿ ಕಿತ್ತುಕೊಂಡಳು. ಅಂದಿನಿಂದ ನಾಲ್ಕು ತಿಂಗಳು ಅವನ ಜೊತೆ ಮಾತಾಡಲಿಲ್ಲ.

ಆ ನಾಲ್ಕು ತಿಂಗಳಲ್ಲಿ ಇಲಿಗಳು ಮತ್ತೆ ಬಾಲ ಬಿಚ್ಚಿದವು. ಬದುಕುಳಿದ ನಾಲ್ಕಾರು ಇಲಿಗಳು ಬಿಲ್ಲೆಯ ವಾಸನೆ ಕಲಿತವು, ಮರಿ ಹಾಕಿದವು, ಮೇಲಿನಿಂದ ಬೀಳುವವರು ಯಾರೂ ಇರಲಿಲ್ಲ. ಚೀಲದ ರಾಶಿ ಹದಿನೈದಾಯಿತು, ಮೂವತ್ತಾಯಿತು, ನಲವತ್ತು ದಾಟಿತು. ಹಳೆಯ ಗೆಳತಿಯನ್ನು ಮತ್ತೆ ಕರೆದು ಪಕ್ಕದಲ್ಲಿ ಕೂರಿಸಿದರು. ಅವಳು ಖುಷಿಯಿಂದಲೇ ಬಂದಳು, ಪಾಪ, ಬಾರದೆ ಏನು ಮಾಡಿಯಾಳು.

ಮುಖ್ಯ ಕಚೇರಿಗೆ ಮಾತ್ರ ಆ ತಟ್ಟು ಬಹಳ ಹಿಡಿಸಿತ್ತು. ಇನ್ನು ಮುಂದೆ ಇಲಿಗಳ ಲೆಕ್ಕವನ್ನು ಅದೇ ರೀತಿ, ಬುರುಡೆ ಎಣಿಸಿಯೇ ಕಳಿಸಬೇಕೆಂದು ನಮೂನೆ ಅಚ್ಚಾಗಿ ಬಂತು. ತಿಂಗಳಿಗೊಂದು ಕಾಗದ, ಕೆಳಗೆ ಅವಳ ಸಹಿ. ಎಣಿಸುವುದು ಏನನ್ನು? ಉಂಡೆ ಉಗುಳುವ ಗೂಬೆಯೇ ಇಲ್ಲ. ಮೂರನೇ ತಿಂಗಳವರೆಗೆ ಅವಳು ಕಾಗದವನ್ನು ಹಾಗೇ ವಾಪಸು ಕಳಿಸಿದಳು. ನಾಲ್ಕನೆಯ ತಿಂಗಳು ಸಾಹೇಬರು ಕರೆಸಿದರು.

"ಎಷ್ಟು ಬುರುಡೆ ಸಿಕ್ತು?"

"ಒಂದೂ ಇಲ್ಲ ಸಾರ್. ಆದ್ರೆ ಇಲಿ..."

"ಬುರುಡೆ ಸೊನ್ನೆ ಅಂದ್ರೆ ಇಲಿ ಸೊನ್ನೆ. ನಮೂನೆ ಮಾಡಿದ್ದೇ ನಿನ್ನ ಪದ್ಧತೀಲಿ. ಔಷಧಿಗೆ ಇಷ್ಟು ಖರ್ಚು ಮಾಡಿದ್ದಾರೆ, ಈಗ ಇಲಿ ಇದೆ ಅಂದ್ರೆ ನನ್ನ ತಲೆ ಹೋಗುತ್ತೆ. ಎಚ್ಚರಿಕೆ ಕಾಗದ ಒಂದು ನಿನ್ನ ಹೆಸರಲ್ಲಿ ಈಗಾಗ್ಲೇ ಇದೆ. ಐವತ್ತು ದಾಟಿದೆ ನಿನಗೆ. ಬೇಡ ಅಂದ್ರೆ ನಿನ್ನ ಜಾಗಕ್ಕೆ ಪಕ್ಕದವಳೇ ಸಾಕು. ಯೋಚನೆ ಮಾಡು, ಕಾಗದ ಸಂಜೆ ಕಳಿಸ್ತೀನಿ."

ಬೇರೆ ಕಾಲದಲ್ಲಾಗಿದ್ದರೆ ಅವಳು ಸಾಹೇಬರ ಮುಖದ ನೀರಿಳಿಸಿ ಬರುತ್ತಿದ್ದಳು. ಆ ದಿನ ಬಾಯಿಗೆ ಬಂದದ್ದನ್ನೆಲ್ಲ ನುಂಗಿಕೊಂಡು ಮೆತ್ತೆಗೆ ವಾಪಸಾದಳು. ಗೆಳತಿ ಪಕ್ಕದಲ್ಲಿ ತಲೆ ಎತ್ತದೆ ಹೊಲಿಯುತ್ತಿದ್ದಳು. ಐವತ್ತು ದಾಟಿದ, ದಬ್ಬಳ ಬಿಟ್ಟರೆ ಬೇರೇನೂ ಗೊತ್ತಿಲ್ಲದ ಹೆಂಗಸು ಎಲ್ಲಿಗೆ ಹೋಗಬೇಕು? ತಮ್ಮನ ಹೆಂಡತಿಯ ಅಡುಗೆಕೋಣೆಯಲ್ಲಿ ಹಗಲೂ ಕೂರಬೇಕು.

ಸಂಜೆ ಕಾಗದ ತಂದವನು ತಮ್ಮ. ಗೇಟಿನ ಕೆಲಸದ ಜೊತೆಗೆ ಕಚೇರಿಯ ಕಾಗದ ಹಂಚುವುದೂ ಅವನ ತಲೆಗೇ ಬಿದ್ದಿತ್ತು. ಅವಳ ಮುಂದಿನ ಗೋಣಿ ತುಂಡುಗಳ ಮೇಲೆ ಅದನ್ನಿಟ್ಟು, ಜೇಬಿನಿಂದ ಪೆನ್ನು ತೆಗೆದ. ಆದರೆ ಕೊಡಲಿಲ್ಲ, ಕೈಯಲ್ಲೇ ಹಿಡಿದುಕೊಂಡು ನಿಂತ.

"ಅಕ್ಕ, ಬೇಡ. ಸೈನು ಹಾಕಬೇಡ."

ಅವಳು ತಲೆ ಎತ್ತಿದಳು.

"ನೀನಾದ್ರೂ ಹಾಕಬೇಡ ಅಕ್ಕ. ಆಮೇಲೆ ಕನ್ನಡೀಲಿ ಮುಖ ನೋಡ್ಕೊಳೋಕಾಗಲ್ಲ. ನಾನು ನೋಡ್ತಿದ್ದೀನಲ್ಲ." ಅವನು ಪೆನ್ನನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡ. "ಮನೇಲಿರು. ನಾನು ದುಡಿದು ಹಾಕ್ತೀನಿ."

ಚೀಲದ ರಾಶಿಯೊಳಗೆ ಏನೋ ಸರಸರ ಓಡಿತು. ಗೆಳತಿ ಕಾಲು ಮೇಲೆತ್ತಿಕೊಂಡಳು. ದಬ್ಬಳದಕ್ಕ ಕೈ ಚಾಚಿ ಅವನ ಬೆರಳುಗಳಿಂದ ಪೆನ್ನು ಬಿಡಿಸಿಕೊಂಡಳು.

"ಕುರ್ಚಿ ಹೋಗುತ್ತೆ ಕಣೋ," ಎಂದು ಮೆತ್ತಗೆ ಹೇಳಿ, ಇಲಿಗಳ ಸಂಖ್ಯೆ ಎಂದಿದ್ದ ಕಡೆ ಸೊನ್ನೆ ಬರೆದು, ಕೆಳಗೆ ಸಹಿ ಮಾಡಿದಳು.